ನೀಲಿ ಕೋಣೆಯ ಎಂಟು ನಿಮಿಷ

ಲಿಸ್ಬನ್, ೧೮೬೭

ಗಡಿಯಾರದ ಲೋಲಕವನ್ನು ಹಿಡಿದು ನಿಲ್ಲಿಸಿದರು ಮೊದಲು,
ಆಮೇಲೆ ನನ್ನನ್ನು.
ಅಲುಗಬೇಡ ಲಿಯೊಕಾಡಿಯಾ, ಎಂದ ಕ್ವಾರೆಸ್ಮಾ,
ಔಷಧ ಕಚ್ಚಿ ಕಪ್ಪಾದ ಬೆರಳಿನವನು.
ಕಿಟಕಿಯ ಬೆಳಕು ಈ ದುಪ್ಪಟಿಗೆ ಬಡಿದು
ಆ ಮೂಲೆಯ ಚಿನ್ನದ ಕುರ್ಚಿಗೆ ಹೋಗಬೇಕು.
ನೀನು ಮಾತ್ರ ಚಿತ್ರದಲ್ಲಿ ಇರಬಾರದು.

ಎಂಟು ನಿಮಿಷ.
ತೇಜೋ ನದಿಯ ಗಾಳಿ ಬಾರದಂತೆ ಬಾಗಿಲೆಲ್ಲ ಜಡಿದು,
ಈಥರಿನ ಸಿಹಿ ನಾತ ನೆತ್ತಿಗೇರಿ,
ರಟ್ಟೆ ಸೋಲುವ ತನಕ
ದುಪ್ಪಟಿಯಲ್ಲಿ ಬಿಸಿಲು ಮೊಗೆದು
ಖಾಲಿ ಕುರ್ಚಿಗೆ ಎರೆದೆ.
ದೊರೆ ಬೇಟೆಗೆ ಹೋಗಿದ್ದ. ಅವನು ಯಾರಿಗೂ ಬೇಕಿರಲಿಲ್ಲ,
ಬೇಕಿದ್ದದ್ದು ಅವನ ಸಾಮಾನು,
ಬೇರೆ ದೇಶದ ಷಡ್ಡಕರಿಗೆ ಕಳಿಸುವ ಆಲ್ಬಮ್ಮಿಗೆ:
ನೋಡಿ, ನಮ್ಮಲ್ಲೂ ಇದೆ ಇಷ್ಟು ದೊಡ್ಡ ತೂಗುದೀಪ.
ಹರಿದ ಪರದೆಯ ಮಗ್ಗುಲು ಬದಲಿಸಿ
ಪಿನ್ನು ಚುಚ್ಚಿದ್ದು ನಾನೇ.

ಚಳಿಗಾಲದ ಹೊತ್ತಿಗೆ ಅದೇ ಕೋಣೆ
ಅಂಗೈಯಗಲದ ರಟ್ಟಾಗಿ ಪೇಟೆಗಿಳಿಯಿತು,
ಮೂರು ವಿಂಟೆಂ ಕಾಸಿಗೆ.
ಮೀನು ಮಾರುವ ಪೊಲಿಕಾರ್ಪಾ ಕೊಂಡಳು.
ಸಾರ್ಡೀನಿನ ಹುರುಪೆ ಅಂಟಿದ ಕೈಯಲ್ಲೇ ಹಿಡಿದು
ತಲೆ ಬಗ್ಗಿಸದೆ, ಮೊಣಕಾಲೂರದೆ
ಕುರ್ಚಿ ಎಣಿಸಿದಳು: ನಲವತ್ತೊಂದು.
"ಒಬ್ಬನಿಗೆ ಎಷ್ಟೇ ಕುಂಡೆ?" ಅಂದಳು.
ಬೀದಿಗೆ ಬೀದಿಯೇ ನಕ್ಕಿತು.

ನಾನು ನಗಲಿಲ್ಲ. ನಾನು ಚಾವಣಿ ನೋಡುತ್ತಿದ್ದೆ.
ಹತ್ತೊಂಬತ್ತು ವರ್ಷ ಆ ನೆಲ ಒರೆಸಿದವಳು,
ಯಾವ ಕುರ್ಚಿಯ ಕಾಲಿಗೆ ಹುಳು ಹಿಡಿದಿದೆ
ಕೇಳಿ, ಹೇಳುತ್ತೇನೆ.
ಆದರೆ ಮೇಲೆ ರೆಕ್ಕೆಯ ಮಕ್ಕಳು ಹಾರುತ್ತಿರುವುದು
ಗೊತ್ತಿರಲಿಲ್ಲ. ಒಂದಕ್ಕೆ ಮೂಗೇ ಇಲ್ಲ.
ದಿನಾ ಬೆಳಗ್ಗೆ ನಾನು ಗುಡಿಸುವ ಸುಣ್ಣದ ಪುಡಿ
ಎಲ್ಲಿಂದ ಬೀಳುತ್ತದೆಂದು ಆಗ ತಿಳಿಯಿತು.

ತೂಗುದೀಪದ ಒಂದು ಹರಳಿನೊಳಗೆ
ಅಕ್ಕಿಕಾಳಿನಷ್ಟು ಬೆಳ್ಳಗೆ ಏನೋ ಇದೆ.
ದುಪ್ಪಟಿಯೋ, ಕಾಗದದ ಕೊಳೆಯೋ.
ಉಗುರಿನಿಂದ ಕೆರೆಯಲು ಹೋಗಿ ಬಿಟ್ಟೆ.

"ಹಾಲಿನಂಥ ಬಿಳೀ ಕೋಣೆ," ಅಂದಳು ಪೊಲಿಕಾರ್ಪಾ.
ಅಲ್ಲ ಕಣೇ, ನೀಲಿ.
ಆ ಪೆಟ್ಟಿಗೆಯ ಕಣ್ಣಿಗೆ ನೀಲಿಗೂ ಬಿಳಿಗೂ
ವ್ಯತ್ಯಾಸ ತಿಳಿಯದಂತೆ.
ಗೋಡೆಯ ರೇಷ್ಮೆ ಒರೆಸಿದ ನನ್ನ ಬಟ್ಟೆ
ಹಿತ್ತಲಲ್ಲಿ ಒಣಗುತ್ತಿದೆ. ಬಾ,
ತೋರಿಸುತ್ತೇನೆ,
ಎಷ್ಟು ನೀಲಿ ಅಂತ.