ಇಳಿತದ ಹೊತ್ತು

ಬೆಳಗಿನ ಐದೂವರೆ. ಕಡಲಿನ್ನೂ ಹಿಂದೆ ಸರಿದಿಲ್ಲ,
ನನ್ನ ಮದ್ದಿನಂಗಡಿಯ ಹಸಿರು ಶಿಲುಬೆ ಹೊತ್ತಿಕೊಂಡಿದೆ.
ಎದೆಮಟ್ಟದ ರಬ್ಬರು ದಿರಿಸು, ಹೆಗಲಿಗೆ ಉದ್ದ ಹಿಡಿಯ ಕುಂಟೆ,
ಗಲೀಸಿಯದ ಈ ಕೊಲ್ಲಿಯಲ್ಲಿ ಚಿಪ್ಪು ಹೆಕ್ಕುವ ಹೆಂಗಸರು
ಬಾಗಿಲು ತಳ್ಳಿ ಬರುತ್ತಾರೆ, ಹಿಂದೆಯೇ ಕೆಸರಿನ ಉಪ್ಪುವಾಸನೆ.

"ಆರುನೂರು ಕೊಡು, ಇಥೀಯಾ" ಎನ್ನುತ್ತಾಳೆ ಎರುಂದಿನಾ.
ಮಾತ್ರೆಗಿಲ್ಲಿ ಹೆಸರಿಲ್ಲ, ತೂಕವಷ್ಟೆ.
ಆರುನೂರಕ್ಕೆ ಡಾಕ್ಟರ ಚೀಟಿ ಬೇಕು ಅಂದರೆ
"ಹಾಗಾದರೆ ನಾನೂರು ಕೊಡು, ಒಂದೂವರೆ ನುಂಗುತ್ತೇನೆ."
ಲೆಕ್ಕದಲ್ಲಿ ಅವಳನ್ನು ಸೋಲಿಸಿದವರಿಲ್ಲ.

ಇದು ಹೇಗೆ ಕೆಲಸ ಮಾಡುತ್ತೆ ಎಂದು ಕೇಳಿದವಳು ದೊಸಿಂದಾ ಒಬ್ಬಳೇ.
ಹೊಳೆದಂಡೆಯ ಹಳೇ ನೀರುಗಿರಣಿ ನೆನೆಸಿಕೋ ಅಂದೆ.
ನೊಂದ ಕೀಲಿನಲ್ಲಿ ಅಂಥದೇ ಒಂದು ಬೀಸುಕಲ್ಲು,
ರಾತ್ರಿಯೆಲ್ಲ ತಿರುಗಿ ತಿರುಗಿ
ಕೆಂಪು, ಕಾವು, ಬಾವು ಬೀಸಿ ಹಂಚುತ್ತದೆ.
ಐಬುಪ್ರೊಫೆನ್ ಹೋಗಿ ಕಲ್ಲಿನ ಸಂದಿಗೊಂದು ಬೆಣೆ ತೂರಿಸುತ್ತದೆ.
ಗಿರಣಿ ನಿಲ್ಲುತ್ತದೆ, ಆರೆಂಟು ಗಂಟೆ.
"ಸವೆದ ಮಂಡಿ?"
ಸವೆದದ್ದು ಸವೆದೇ ಇರುತ್ತದೆ, ದೊಸಿಂದಾ.

ಹೇಳದೆ ಉಳಿಸಿಕೊಂಡದ್ದು, ಸರದಿ ಉದ್ದವಿತ್ತೆಂದು:
ಹೊಟ್ಟೆಯ ಒಳಗೋಡೆಗೆ ಲೋಳೆ ಮೆತ್ತಲು,
ಮೂತ್ರಪಿಂಡದ ಕಾಲುವೆಗೆ ನೆತ್ತರು ಹರಿಯಲು
ಹಿಟ್ಟು ಬರುವುದೂ ಅದೇ ವಂಶದ ಕಲ್ಲಿನಿಂದ.
ಯಾವುದು ನೋವಿನ ಗಿರಣಿ, ಯಾವುದು ಅನ್ನದ್ದು,
ಬೆಣೆಗೇನು ಗೊತ್ತು.

ಪ್ಯಾರಾಸಿಟಮಾಲ್ ಬೇರೆ ಜಾತಿ. ಹೊಟ್ಟೆಗೆ ಸಾಧು,
ಬಾವಿನ ತಂಟೆಗೆ ಹೋಗದು.
ಆದರೆ ನೆಗಡಿಯ ಪುಡಿಯೊಳಗೂ ಅದೇ ಅಡಗಿರುತ್ತದೆ,
ಸಂಜೆಯ ಸಾರಾಯಿ ಬೇರೆ.
ಯಕೃತ್ತು ಬಾಯಿಬಿಡದೆ ಬರೆದಿಡುವ ಶ್ಯಾನುಭೋಗ.

ಗ್ಲುಕೋಸಮೈನ್ ಡಬ್ಬಿ ತಿರುಗಿಸಿ ಓದಿ ಎರುಂದಿನಾ ನಕ್ಕಿದ್ದಳು:
"ಏಡಿ ಸೀಗಡಿ ಚಿಪ್ಪಿನದಂತೆ!
ನಾವು ತಿಂದು ಬಿಸಾಕಿದ್ದನ್ನ ಮತ್ತೆ ಕೊಳ್ಳಬೇಕಾ?"
ಕೆಲವರಿಗೆ ಹಿಡಿಸುತ್ತಂತೆ, ಅಂದೆ.
ಆ 'ಅಂತೆ'ಯನ್ನು ನಾನು ಮೂವತ್ತಾರು ಯೂರೋಗೆ ಮಾರುತ್ತೇನೆ.

ಫೆಬ್ರವರಿಯಲ್ಲಿ ಒಂದು ದಿನ
ಮೂರೇ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟು ನಿಂತಳು.
ತುಟಿ ಬಿಳಚಿತ್ತು, ಸುಣ್ಣದ ಹಾಗೆ.
ತೂಕದ ಯಂತ್ರದ ಮರೆಗೆ ಕರೆದು ಪಿಸುಗುಟ್ಟಿದೆ:
ಹೊರಕಡೆಗೆ ಹೋದರೆ ಯಾವ ಬಣ್ಣ?
ಅವಳು ಪಿಸುಗುಟ್ಟಲಿಲ್ಲ.
"ಕುಂಟೆ ಆಳಕ್ಕಿಳಿದಾಗ ಬರುತ್ತಲ್ಲ,
ಆ ಕೆಸರಿನ ಬಣ್ಣ. ನಾಲ್ಕು ದಿನದಿಂದ."
ಹೊಟ್ಟೆನೋವು?
"ಒಂದಿಷ್ಟೂ ಇಲ್ಲ."

ಇರುವುದಾದರೂ ಹೇಗೆ.
ಬೆರಳ ಬಾಯಿ ಮುಚ್ಚಿಸಿದ್ದೇ ಹೊಟ್ಟೆಯ ಬಾಯನ್ನೂ ಮುಚ್ಚಿಸಿತ್ತು.
ಹೃದಯಕ್ಕೆಂದು ದಿನಕ್ಕೊಂದು ಪುಟ್ಟ ಆಸ್ಪಿರಿನ್,
ಅದರ ಮೇಲೆ ನಾನು ಮಾರಿದ ನಾನೂರುಗಳು.
ಎರಡನ್ನೂ ಒಂದೇ ಚೀಲಕ್ಕೆ ಹಾಕಿಕೊಟ್ಟ ಕೈ
ಆಂಬುಲೆನ್ಸಿಗೆ ಫೋನು ಒತ್ತಿತು.
ಅವಳು ಗೋಡೆಯ ಗಡಿಯಾರ ನೋಡುತ್ತಿದ್ದಳು:
"ಇಳಿತ ತಪ್ಪಿಹೋಗುತ್ತೆ, ಇಥೀಯಾ."

ಮೂರು ಬಾಟಲಿ ಯಾರದೋ ರಕ್ತ ಅವಳೊಳಗೆ ಇಳಿಯಿತು.

ಏಪ್ರಿಲಿನಲ್ಲಿ ಬಂದಳು, ಒಮೆಪ್ರಜೋಲ್ ಚೀಟಿ ಹಿಡಿದು.
ಈಗ ನೀರಿಗಿಳಿಯುವುದಿಲ್ಲ. ಸಂಘದ ಶೆಡ್ಡಿನಲ್ಲಿ ಕೂತು
ಒಂದೊಂದೇ ಚಿಪ್ಪನ್ನು ಕಬ್ಬಿಣದ ಉಂಗುರಕ್ಕೆ ಹಿಡಿದು ಅಳೆಯುತ್ತಾಳೆ,
ಉಂಗುರದಲ್ಲಿ ತೂರಿಬಿದ್ದರೆ ಎಳೆಯದು, ವಾಪಸ್ ಕಡಲಿಗೆ.
ರಾತ್ರಿ ಬಿಸಿ ಮೇಣದಲ್ಲಿ ಕೈ ಅದ್ದುತ್ತಾಳಂತೆ.
"ನೋವು ಮರಳಿ ಬಂತು," ಅಂದಳು,
"ನನ್ನ ಗುರುತು ಮರೆತಿರಲಿಲ್ಲ."

ಅವಳ ಹಿಂದೆ ಅವಳ ಸೊಸೆ ಉಶಿಯಾ. ಇಪ್ಪತ್ತಾರು ವರ್ಷ,
ಕುಂಟೆಯ ಹಿಡಿ ಹೊಚ್ಚಹೊಸದು.
"ನಾನೂರು ಒಂದು ಡಬ್ಬಿ, ಬೇಗ."
ಹೊರಗೆ ನೀರು ಹಿಂದೆ ಹಿಂದೆ ಹೋಗುತ್ತಿದೆ,
ಸರದಿಯಲ್ಲಿ ಯಾರೋ ಗೊಣಗುತ್ತಿದ್ದಾರೆ.
ಎಷ್ಟು ದಿನದಿಂದ? ಎಂದು ಕೇಳುತ್ತೇನೆ.
ಈಗ ಕೇಳುತ್ತೇನೆ.