ಅರ್ಧಕ್ಕರ್ಧ

ಮಿಲ್ಡ್ಯುರಾದ ಹರಾಜಿನಲ್ಲಿ ಇನ್ನೂರು ಡಾಲರಿಗೆ
ನನ್ನ ಪಾಲಿಗೆ ಬಂತು ಈ ಹೋಲ್ಡನ್.
ಒಂಬತ್ತು ವರ್ಷ ಯಾರದೋ ಶೆಡ್ಡಿನ ಹಿಂದೆ ನಿಂತು
ಎಂಜಿನ್ನು ಹಲ್ಲು ಕಚ್ಚಿತ್ತು.
ಆರು ಪಿಸ್ಟನ್ನು,
ಆರೂ ಬಾವಿಯ ಅರ್ಧಕ್ಕೆ ಸಿಕ್ಕಿಕೊಂಡ ಬಿಂದಿಗೆ:
ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಗ್ಯಾರೇಜಿನ ಹುಡುಗ ಬಾನೆಟ್ ಎತ್ತಿದ, ಇಳಿಸಿದ,
ಗುಜರಿ ಅಂದ.
ಆ ಒಂದು ಮಾತಿಗೆ ಎಂಬತ್ತು ಡಾಲರು.

ಕೆಟ್ಟ ಕಾರಿಗೆ ಊರೆಲ್ಲ ವೈದ್ಯರು.
ಅಂಚೆಯ ಶೆರಿಲ್ ಕೋಕಾಕೋಲಾ ಸುರಿ ಅಂದಳು,
ಅವಳ ಗಂಡ ವಿನಿಗರ್ ಅಂದ,
ಬೇಕರಿಯವನು ಸೀಮೆಎಣ್ಣೆ, ಜೊತೆಗೆ ಪ್ರಾರ್ಥನೆ.
ಬೇಲಿಯಾಚೆಯ ಬ್ರಾಂಕೊ ಮಾತ್ರ ಏನೂ ಅನ್ನದೆ
ಆಯಿಲ್ ಕಡ್ಡಿ ಎಳೆದು ಮೂಸಿದ.
ದ್ರಾಕ್ಷಿ ತೋಟಗಳ ಟ್ರಾಕ್ಟರಿಗೆಲ್ಲ ಒಂದು ಕಾಲದ ನಾಟಿ ವೈದ್ಯ;
ನಾಡಿ ಹಿಡಿದವನ ಹಾಗೆ ಕಣ್ಣು ಮುಚ್ಚಿ ಹೇಳಿದ:
ಆಟೊಮ್ಯಾಟಿಕ್ ಗೇರಿನ ಕೆಂಪೆಣ್ಣೆ ಅರ್ಧ,
ಉಗುರುಬಣ್ಣ ಕಳೆಯುವ ಅಸಿಟೋನು ಅರ್ಧ.
ಕುಲುಕಿ ಹಾಕು. ಹತ್ತು ದಿನ ಕಾಯಿ.

ನಾನು ಡೀಕಿನ್ ಅವೆನ್ಯೂದ ಔಷಧಿ ಅಂಗಡಿಯವಳು.
ಹಗಲೆಲ್ಲ ಮಿಲಿಗ್ರಾಮಿನ ಲೆಕ್ಕ,
ಊಟಕ್ಕೆ ಮುಂಚೆ, ಊಟದ ನಂತರ.
ಸಂಜೆ ಜಾಮ್ ಬಾಟಲಿಯಲ್ಲಿ ಕಣ್ಣಂದಾಜಿನ ಕಷಾಯ.
ಒಂದು ನಿಮಿಷ ಸುಮ್ಮನಿಟ್ಟರೆ ಎರಡೂ ಬೇರೆಯಾಗಿ,
ಮಾತು ಬಿಟ್ಟ ಓರಗಿತ್ತಿಯರು.
ಪ್ಲಗ್ ಬಿಚ್ಚಿದ ಆರು ಬಾಯಿಗೆ
ಟಾನಿಕ್ ಸಿರಿಂಜಿನಲ್ಲಿ ಒಂದೊಂದೇ ಗುಟುಕು.
ಅಜ್ಜಿಯಾಗಿದ್ದರೆ ಒಳಲೆ ತರುತ್ತಿದ್ದಳು,
ಮೂಗು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದಳು.
ಹಿತ್ತಲ ಗಿಡ ಮದ್ದಲ್ಲವಂತೆ.
ಹಿತ್ತಲ ಮುದುಕ?

ದಿನಾ ಕ್ರ್ಯಾಂಕಿನ ಬೋಲ್ಟಿಗೆ ಉದ್ದನೆಯ ಸರಳು ಹಾಕಿ
ಆ ಕಡೆ ಒಮ್ಮೆ, ಈ ಕಡೆ ಒಮ್ಮೆ.
ಎಷ್ಟು ಬಲ ಹಾಕಲಿ?
ಬಾಗಿಲು ತಟ್ಟುವಷ್ಟು, ಒಡೆಯುವಷ್ಟಲ್ಲ.
ಮೂರನೆಯ ದಿನ ಇಲ್ಲ.
ನಾಲ್ಕು, ಐದು, ಇಲ್ಲ.

ಆರನೆಯ ಸಂಜೆ ಇಬ್ಬರೂ ಎಂಜಿನ್ನಿನ ಮೇಲೆ ಬಗ್ಗಿದ್ದೆವು.
ಅಸಿಟೋನಿನ ಘಾಟು ಮೂಗಿಗೆ ಬಡಿಯಿತು,
ಕೊಳೆತ ಸೇಬಿನ ಸಿಹಿ ಬೆರೆತಂತೆ.
ಬಾಟಲಿ ನೋಡಿದೆ: ಮುಚ್ಚಳ ಬಿಗಿಯಾಗಿತ್ತು.
ಪ್ಲಗ್ಗಿನ ತೂತುಗಳಿಗೆ ಬಟ್ಟೆ ತುರುಕಿತ್ತು.
ಬ್ರಾಂಕೊ ನಲ್ಲಿಯ ಪೈಪಿಗೆ ಬಾಯಿಟ್ಟು
ಮೂರನೆಯ ಸಲ ನೀರು ಕುಡಿದು ಬಂದ.
ಮತ್ತೆ ಬಗ್ಗಿದ. ಮತ್ತೆ ಅದೇ ಘಾಟು.

ಇನ್ಸುಲಿನ್?
ನಕ್ಕ. ದಾಲ್ಚಿನ್ನಿ ಇದೆ, ವಾಲ್ನಟ್ ಎಲೆಯ ಕಷಾಯ ಇದೆ,
ನನ್ನಮ್ಮ ತೊಂಬತ್ತೊಂದು ಬದುಕಿದ್ದು ಅದರಲ್ಲೇ.
ಮಾರ್ಚಿಯಿಂದ ಅವನ ಚೀಟಿ ನನ್ನ ಅಂಗಡಿಗೆ ಬಂದೇ ಇಲ್ಲ,
ಅದು ಆಗ ಹೊಳೆಯಿತು,
ಗೋಡೆ ಹಿಡಿದು ಅವನು ಉಸಿರು ಎಳೆದುಕೊಳ್ಳುವಾಗ.

ಕಾಯಬಾರದು, ಬ್ರಾಂಕೊ.
ಹತ್ತು ದಿನ ಅಂದಿದ್ದೆನಲ್ಲ?
ಅದು ಎಂಜಿನ್ನಿಗೆ.

ಅವನದೇ ಟ್ರಕ್ಕಿನಲ್ಲಿ ಆಸ್ಪತ್ರೆಗೆ ಓಡಿಸಿದೆ,
ಪ್ರತಿ ಗೇರಿಗೂ ಬೈಸಿಕೊಳ್ಳುತ್ತ.
ಆಮೇಲೆ ಬೈಗಳು ನಿಂತಿತು.
ಆ ರಸ್ತೆ ಅಷ್ಟು ಉದ್ದ ಇರುವುದು ನನಗೆ ಗೊತ್ತಿರಲಿಲ್ಲ.

ಹತ್ತನೆಯ ಬೆಳಿಗ್ಗೆ ಒಬ್ಬಳೇ ಸರಳು ಹಿಡಿದೆ.
ತಟ್ಟಿದೆ. ತಟ್ಟಿದೆ.
ಟಕ್.
ಉದ್ದಿನಕಾಳಿನಷ್ಟು.
ಎಂಜಿನ್ನೋ ನನ್ನ ಮಣಿಕಟ್ಟೋ ಅಂತ ನಂಬದೆ
ಹಿಂದಕ್ಕೆ ತಂದೆ. ಬಂತು.
ಎಣ್ಣೆಗೈಯಲ್ಲೇ ವಾರ್ಡಿಗೆ ಫೋನು ಹಚ್ಚಿದೆ.

ಯಾವ ಕಡೆಗೆ? ಅಂದ. ದನಿ ಇನ್ನೂ ತೆಳ್ಳಗೆ.
ಎರಡೂ ಕಡೆಗೆ.
ಇವತ್ತಿಗೆ ಸಾಕು, ಮುಚ್ಚಿಡು, ಆಸೆಬುರುಕಿಯಾಗಬೇಡ.
ಸ್ವಲ್ಪ ಹೊತ್ತು ಆ ಕಡೆ ಚಮಚದ ಸದ್ದು.
ಇಲ್ಲಿ ಜೆಲ್ಲಿ ಕೊಡ್ತಾರೆ ಮಾರಾಯ್ತಿ, ಸಕ್ಕರೆ ಇಲ್ಲದ್ದು,
ಕೆಂಪಗೆ, ಥೇಟ್ ಗೇರೆಣ್ಣೆ.