ಅರಸೀಕೆರೆ, ಮೂರನೇ ಪ್ಲಾಟ್‌ಫಾರ್ಮ್

ಪ್ರಾಕ್ಟಿಕಲ್ ರೆಕಾರ್ಡುಗಳ ಕಟ್ಟು ಮಡಿಲಲ್ಲಿ.
ಮೈಸೂರು ಪ್ಯಾಸೆಂಜರ್ ಎಂದಿನಂತೆ ತಡ.

ನಿಲ್ಲದೆ ಹೋದ ಗೂಡ್ಸಿನ ಕೂಗು
ನನ್ನನ್ನು ದಾಟಿದ್ದೇ ತಗ್ಗಿತು.
ಬೆಳಿಗ್ಗೆ ಬೋರ್ಡಿನ ಮೇಲಿದ್ದ ಸೂತ್ರ
ಈಗ ಪಕ್ಕೆಲುಬಿನಲ್ಲಿ.

"ಮಿಸ್, ದೂರ ಸರಿಯೋ ನಕ್ಷತ್ರ ಕೆಂಪಾದ್ರೆ
ಹತ್ರ ಬರೋದು?" ಕೇಳಿದ್ದಳು ಶಾಜಿಯಾ.
ನೀಲಿ, ಅನ್ನುವಷ್ಟರಲ್ಲಿ ಗಂಟೆ ಹೊಡೆದಿತ್ತು.

ಖಾಲಿ ಗ್ರಾಫ್ ಹಾಳೆಯ ಬೆನ್ನಿಗೆ
'ಅನಂತ' ಅಂತ ಬರೆದೆ. ಹೊಡೆದುಹಾಕಿದೆ,
ಮಾರ್ಕ್ಸ್ ಹಾಕುವ ಕೆಂಪು ಪೆನ್ನಲ್ಲೇ.
'ಬ್ರಹ್ಮಾಂಡ'ವನ್ನೂ.
ಕೆಂಪಾದವು. ದೂರ ಹೋದವು.

ಹಿರೇಕಲ್ಲು ಗುಡ್ಡದ ಮೇಲೊಂದು ಚುಕ್ಕಿ;
ಅದರ ಬೆಳಕು ಹೊರಟಾಗ
ಈ ಊರಿಗೆ ರೈಲೇ ಇರಲಿಲ್ಲ.
ಇಷ್ಟು ತಡವಾಗಿ ಬಂದರೂ
ವಿಷಾದಿಸುತ್ತೇವೆ ಎಂದು ಯಾರೂ ಕೂಗಲಿಲ್ಲ.

ನೀಲಿ ಪೆನ್ನಿಗಾಗಿ ಚೀಲ ತಡಕಿದೆ.
ಶಾಜಿಯಾಳ ರೆಕಾರ್ಡಿನೊಳಗೆ ಸಿಕ್ಕಿತು,
ಮುಚ್ಚಳದ ತುಂಬ ಹಲ್ಲಿನ ಗುರುತು.